ಲಿನಕ್ಸ್ ಮಿಂಟ್‌ಗೆ ಬಂದ ಮೇಲೆ ನುಡಿಯಲ್ಲಿ ಬರೆದ ಹಳೆಯ ಕಡತಗಳನ್ನು ಓದಲಾಗುತ್ತಿಲ್ಲ (ಪರಿಹಾರವಾಗಿದೆ)

ಪ್ರಶ್ನೆ

ನಮಸ್ಕಾರ. ನಾನು ನಿವೃತ್ತ ಕನ್ನಡ ಶಿಕ್ಷಕ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನನ್ನ ಹಳೆಯ ಲ್ಯಾಪ್‌ಟಾಪ್‌ಗೆ 11 ಹಾಕಲು ಬರುವುದಿಲ್ಲ. ಮಗಳು ವಿಂಡೋಸ್ ಅಳಿಸಿ ಲಿನಕ್ಸ್ ಮಿಂಟ್ ಹಾಕಿಕೊಟ್ಟಳು. ಬ್ರೌಸರ್, ಪ್ರಿಂಟರ್ ಎಲ್ಲ ಸಲೀಸು. ಆದರೆ ವರ್ಷಗಟ್ಟಲೆ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬರೆದಿಟ್ಟ ವ್ಯಾಕರಣ ಪಾಠಗಳನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು. ಕಡತಗಳು ಕೆಟ್ಟುಹೋದವೇ? ಹೊಸದಾಗಿ ಕನ್ನಡ ಬೆರಳಚ್ಚು ಮಾಡುವುದು ಹೇಗೆಂದೂ ತಿಳಿಯುತ್ತಿಲ್ಲ. ಎರಡು ರಾತ್ರಿಯಿಂದ ನಿದ್ದೆಯಿಲ್ಲ.

ಉತ್ತರ

ಮೇಷ್ಟ್ರೇ, ಧೈರ್ಯವಾಗಿರಿ. ನಿಮ್ಮ ಪಾಠಗಳಿಗೆ ಏನೂ ಆಗಿಲ್ಲ.

ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನೀವು ಕಂಡ ಆ ಪಿ ‘ಕ’ದ ಒಡಲು, ಪಕ್ಕದ ಎ ಅದರ ತಲೆಕಟ್ಟು. ಪೌಂಡ್ ಗುರುತು ‘ನ’ದ ಒಡಲು. ಕಡತದೊಳಗೆ ಮೊದಲಿನಿಂದಲೂ ಇದ್ದದ್ದು ಇವೇ. ಫಾಂಟ್ ಇದ್ದುದರಿಂದ ಕನ್ನಡವಾಗಿ ಕಾಣುತ್ತಿತ್ತು, ವಿಂಡೋಸ್ ಜೊತೆಗೆ ಫಾಂಟೂ ಹೋಯಿತು.

ಇವತ್ತೇ ಓದಬೇಕಿದ್ದರೆ, ನುಡಿ ಇರುವ ಬೇರೆ ಕಂಪ್ಯೂಟರಿನಿಂದ ಅದರ ಫಾಂಟ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ. ಮಿಂಟ್‌ನಲ್ಲಿ ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಲಿಬ್ರೆ ಆಫೀಸನ್ನು ಮುಚ್ಚಿ ತೆರೆಯಿರಿ. ಓದಬಹುದು, ಮುದ್ರಿಸಬಹುದು. ಆದರೆ ಅಲ್ಲಿಗೇ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಾಗೆ ಬಿಟ್ಟರೆ ಆ ಪಾಠಗಳು ಮೊಬೈಲ್‌ನಲ್ಲಿ ಕಾಣುವುದಿಲ್ಲ, ಅವುಗಳಲ್ಲಿ ಒಂದು ಪದವನ್ನು ಹುಡುಕಲೂ ಆಗುವುದಿಲ್ಲ. ಮುಂದೆಯೂ ಬಳಸುವ ಪಾಠಗಳನ್ನು ಆಸ್ಕಿಯಿಂದ (ಮೇಲೆ ಹೇಳಿದ ಹಳೆಯ ಪದ್ಧತಿ) ಯುನಿಕೋಡ್‌ಗೆ (ಯಾವ ಸಾಧನದಲ್ಲೂ ಕನ್ನಡ ಕನ್ನಡವಾಗಿಯೇ ಉಳಿಯುವ ಪದ್ಧತಿ) ಬದಲಿಸುವ ಪರಿವರ್ತಕಕ್ಕೆ ಕೊಡಿ, ಉಚಿತವಾದವು ಅಂತರ್ಜಾಲದಲ್ಲಿವೆ. ಮೂಲ ಪ್ರತಿಯನ್ನು ಮಾತ್ರ ಅಳಿಸಬೇಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ, ಆದ್ದರಿಂದ ಒಮ್ಮೆ ಕಣ್ಣಾಡಿಸಲೇಬೇಕು.

ಬೆರಳಚ್ಚಿಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್-ಎಂ17ಎನ್’ (ibus-m17n) ಹುಡುಕಿ ಹಾಕಿಕೊಳ್ಳಿ. ಐಬಸ್ ಎಂದರೆ ಬೇರೆ ಬೇರೆ ಭಾಷೆಗಳಲ್ಲಿ ಬೆರಳಚ್ಚು ಮಾಡಲು ನೆರವಾಗುವ ತಂತ್ರಾಂಶ. ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ. ನಂತರ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿ. ನುಡಿಯಲ್ಲಿ ನಿಮ್ಮ ಬೆರಳಿಗೆ ಕೂತಿರುವ ಕೀಲಿಮಣೆ ವಿನ್ಯಾಸವೇ ಅದು: ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’. ಹೊಸದೇನೂ ಕಲಿಯಬೇಕಿಲ್ಲ.

ಪ್ರಶ್ನೆ ಕೇಳಿದವರು

ಫಾಂಟ್ ಹಾಕಿದೆ, ಪಾಠಗಳು ಕಂಡವು! ಪರದೆಯ ಮೇಲೆ ‘ಲೋಪಸಂಧಿ’ ಎಂಬ ತಲೆಬರಹ ಮೂಡಿದಾಗ ಕಣ್ಣು ತುಂಬಿತು. ಆದರೆ ಕೆಜಿಪಿ ಸೇರಿಸಿದರೂ ಇಂಗ್ಲಿಷೇ ಬೀಳುತ್ತಿದೆ.

ಉತ್ತರ

ಐಬಸ್ ಆರಿಸಿದ ಮೇಲೆ ಲಾಗ್ ಔಟ್ ಮಾಡಿ ಮತ್ತೆ ಲಾಗ್ ಇನ್ ಆದಿರಾ? ಹಾಗೆ ಮಾಡದಿದ್ದರೆ ಅದು ಜಾರಿಗೆ ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಆಮೇಲೆ ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿ. ಕೆಳಗಿನ ಪಟ್ಟಿಯ ಮೂಲೆಯಲ್ಲಿರುವ ಗುರುತು ಬದಲಾದರೆ ಕನ್ನಡಕ್ಕೆ ಹೊರಳಿದೆ ಎಂದರ್ಥ. ಇಂಗ್ಲಿಷಿಗೆ ಮರಳಲೂ ಅದೇ.

ಪ್ರಶ್ನೆ ಕೇಳಿದವರು

ಲಾಗ್ ಔಟ್ ಮಾಡಿರಲಿಲ್ಲ, ಅದೇ ಕಾರಣ. ಈ ಸಾಲುಗಳನ್ನು ಮಿಂಟ್‌ನಲ್ಲೇ ಕೆಜಿಪಿಯಲ್ಲಿ ಬರೆಯುತ್ತಿದ್ದೇನೆ. ಸಂಧಿಪ್ರಕರಣವನ್ನು ಯುನಿಕೋಡ್‌ಗೆ ಬದಲಿಸಿ ‘ಆಗಮ’ ಎಂದು ಹುಡುಕಿದೆ, ಹನ್ನೊಂದು ಕಡೆ ಸಿಕ್ಕಿತು. ಇಷ್ಟು ವರ್ಷ ಪುಟ ತಿರುವಿ ತಿರುವಿ ಹುಡುಕುತ್ತಿದ್ದೆ. ನೀವು ಹೇಳಿದಂತೆ ನಡುವಿನ ಇಂಗ್ಲಿಷ್ ಪದಗಳು ಕಲಸಿಹೋಗಿವೆ, ಮೂಲ ಪ್ರತಿ ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಿದ್ದೇನೆ. ನಾಳೆ ಸಮಾಸಪ್ರಕರಣ ಹಿಡಿಯುತ್ತೇನೆ. ತುಂಬಾ ಉಪಕಾರವಾಯಿತು.