ಜರ್ಮನ್ನಿನ 'ನೇಗರ್': ಕನ್ನಡಕ್ಕೆ ಹೇಗೆ ತರುವುದು?

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹಳೆಯ ಜರ್ಮನ್ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಂಗಳೂರು, ಧಾರವಾಡದ ಸುದ್ದಿ ಇರುವ ಕಡೆ ಕೆಲಸ ಸಲೀಸು. ಆದರೆ ಈ ಮಿಶನ್ 1834ರಲ್ಲಿ ಮಂಗಳೂರಿಗೆ ಬರುವ ಮುಂಚೆಯೇ, 1828ರಲ್ಲಿ, ಈಗಿನ ಘಾನಾದ ಕರಾವಳಿಗೂ ಜನರನ್ನು ಕಳಿಸಿತ್ತು. ಅಲ್ಲಿಯವರ ಮಾತು ಬಂದಾಗಲೆಲ್ಲ 'ನೇಗರ್' ಎಂದೇ ಬರೆದಿದ್ದಾರೆ. ಕಪ್ಪು ಜನರಿಗೆ ಹೇಳುತ್ತಿದ್ದ, ಈಗ ಬೈಗುಳವೆನಿಸುವ ಪದ ಅದು. ಅಲ್ಲಿ ನಾನು ಸಿಕ್ಕಿಕೊಂಡಿದ್ದೇನೆ.

ಪದದ ಹುಟ್ಟು ಸರಳ. ಲ್ಯಾಟಿನ್ನಿನಲ್ಲಿ 'ನಿಗೆರ್' ಅಂದರೆ ಕಪ್ಪು. ಅದು ಸ್ಪ್ಯಾನಿಶ್, ಫ್ರೆಂಚ್ ದಾಟಿ 17ನೇ ಶತಮಾನದಲ್ಲಿ ಜರ್ಮನ್ನಿಗೆ ಬಂತು. ಕಪ್ಪು ಜನರಿಗೆ ಜರ್ಮನ್ನಿನಲ್ಲಿ ಅದಕ್ಕೂ ಹಳೆಯ ಪದ 'ಮೋರ್'. ಉತ್ತರ ಆಫ್ರಿಕದ ಜನರಿಗೆ ಲ್ಯಾಟಿನ್ನಿನಲ್ಲಿದ್ದ 'ಮೌರುಸ್' ಎಂಬ ಹೆಸರಿನಿಂದ ಬಂದದ್ದು.

'ಆಗ ಅದು ಬರೀ ಹೆಸರಾಗಿತ್ತು, ಬೈಗುಳವಾಗಿದ್ದು ಆಮೇಲೆ' ಎಂದು ಹೇಳುವವರಿದ್ದಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಗುಲಾಮರ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಬೆಳೆದ ಪದ ಅದು. ಆಡುವವರಿಗೆ ಬರೀ ಹೆಸರಾಗಿದ್ದಿರಬಹುದು, ಆದರೆ ಅನ್ನಿಸಿಕೊಂಡವರನ್ನು ಯಾರೂ ಕೇಳಿರಲಿಲ್ಲ ಅಲ್ವಾ? ಈಗಿನ ಘಾನಾದಿಂದ ಚಿಕ್ಕಂದಿನಲ್ಲೇ ಜರ್ಮನಿಗೆ ಒಯ್ಯಲ್ಪಟ್ಟ ಆಂಟನ್ ವಿಲ್ಹೆಲ್ಮ್ ಆಮೊ ಅಲ್ಲೇ ಓದಿ ತತ್ತ್ವಶಾಸ್ತ್ರದ ಮೇಷ್ಟ್ರಾದವರು. 1734ರ ತಮ್ಮ ಪ್ರಬಂಧದಲ್ಲಿ ಹೆಸರಿನ ಜೊತೆ ಹಾಕಿಕೊಂಡದ್ದು 'ಗಿನಿಯಾ-ಆಫೆರ್', ಅಂದರೆ ಗಿನಿ ಸೀಮೆಯ ಆಫ್ರಿಕದವನು. ಬಣ್ಣ ಹೇಳಲಿಲ್ಲ, ಊರು ಹೇಳಿದರು. ಬರ್ಲಿನ್ನಿನ 'ಮೋರೆನ್‌ಸ್ಟ್ರಾಸೆ' (ಮೋರ್ ಜನರ ಬೀದಿ) ಎಂಬ ಬೀದಿಗೆ 2025ರಲ್ಲಿ ಅವರ ಹೆಸರೇ ಬಂತು. ಅದಕ್ಕೆ ಮುಂಚೆ ವರ್ಷಗಟ್ಟಲೆ ಜಗಳ, ಕೋರ್ಟು ಎಲ್ಲ ಆಗಿತ್ತು.

'ನೇಗರ್' ತೀರಾ ಈಚಿನವರೆಗೂ ಓಡಾಡಿಕೊಂಡಿತ್ತು. ಚಾಕೊಲೇಟ್ ಲೇಪದ, ಒಳಗೆ ಬಿಳಿ ನೊರೆಯಿರುವ ಒಂದು ಸಿಹಿತಿಂಡಿಗೆ 'ನೇಗರ್‌ಕುಸ್' ಎನ್ನುತ್ತಿದ್ದರು, ಅಂದರೆ ನೇಗರ್ ಮುತ್ತು. ಈಗ ಅದು 'ಶೋಕೊಕುಸ್'. 1980ರ ದಶಕದಲ್ಲಿ ಅಲ್ಲಿನ ಕಪ್ಪು ಮಹಿಳೆಯರು, ಕವಿ ಮೇ ಆಯಿಮ್ ಅವರಂಥವರು, ತಮ್ಮನ್ನು 'ಆಫ್ರೋಡಾಯ್ಚ್', ಅಂದರೆ ಆಫ್ರಿಕ ಮೂಲದ ಜರ್ಮನ್ನರು, ಎಂದು ಕರೆದುಕೊಂಡರು. ಗಾಳಿ ತಿರುಗಿದ್ದಕ್ಕೆ ಅವರೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. 2009ರಲ್ಲಿ ಪಿಪ್ಪಿ ಎಂಬ ಹುಡುಗಿಯ ಪ್ರಸಿದ್ಧ ಮಕ್ಕಳ ಕಥೆಯ ಜರ್ಮನ್ ಅನುವಾದದಲ್ಲಿದ್ದ 'ನೇಗರ್ ರಾಜ' 'ದಕ್ಷಿಣ ಸಮುದ್ರದ ರಾಜ'ನಾದ. ಈಗ ಜರ್ಮನ್ನಿನ ಹೆಸರಾಂತ ಡುಡೆನ್ ನಿಘಂಟು ಈ ಪದ ಅವಮಾನಿಸುವಂಥದ್ದು ಎಂದೇ ಎಚ್ಚರಿಸುತ್ತದೆ. ಜನರೂ 'ಎನ್-ವೋರ್ಟ್' (ಎನ್-ಪದ) ಎಂದು ಸುತ್ತುಬಳಸಿ ಹೇಳುತ್ತಾರೆ.

ಇನ್ನು ನನ್ನ ಸಮಸ್ಯೆ. ನಮ್ಮ ಹಳೆಯ ಪಠ್ಯಗಳ 'ನೀಗ್ರೋ' ಮೂಲಕ್ಕೆ ಹತ್ತಿರ, ಆದರೆ ಅದೂ ಈಗ ಬಿಟ್ಟ ಪದ. 'ಕರಿಯ' ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ ಎಂದು ಪ್ರೀತಿಯ ಹೆಸರೂ ಹೌದು, 'ಏ ಕರಿಯ' ಎಂದರೆ ಚುಚ್ಚುವ ಮಾತೂ ಹೌದು. ಬಿಜಾಪುರದ ಸುಲ್ತಾನರ ಕಾಲದ 'ಹಬಶಿ' ಅಬಿಸೀನಿಯದ (ಈಗಿನ ಇಥಿಯೋಪಿಯದ) ನೆನಪಿನದು, ಘಾನಾಕ್ಕೆ ಹೊಂದುವುದಿಲ್ಲ. 'ಆಫ್ರಿಕದವರು' ಎಂದರೆ ಮರ್ಯಾದೆಯ ಮಾತು, ಆದರೆ ಬರೆದವರು ಕೊಡದ ಮರ್ಯಾದೆಯನ್ನು ನಾನು ಸುಮ್ನೆ ಅವರ ಬಾಯಲ್ಲಿ ಹಾಕಿದಂತಾಗುತ್ತದೆ. ಇಂದಿನ ಜರ್ಮನ್ನಿನಲ್ಲಿ ಗೌರವ ತೋರಿಸಲು 'ಶ್ವಾರ್ತ್ಸ್' (ಕಪ್ಪು) ಪದವನ್ನು ದೊಡ್ಡಕ್ಷರದಿಂದ ಬರೆಯುತ್ತಾರೆ. ನಮ್ಮ ಲಿಪಿಯಲ್ಲಿ ಆ ದಾರಿಯೂ ಇಲ್ಲ.

ಸದ್ಯಕ್ಕೆ ಮಿಶನರಿಗಳ ಮಾತಿನಲ್ಲಿ 'ನೇಗರ್' ಎಂದೇ ಉಳಿಸಿ, ಮೊದಲ ಸಲ ಬಂದಾಗ ಒಂದು ಅಡಿಟಿಪ್ಪಣಿ ಕೊಟ್ಟು, ನನ್ನ ಮಾತಿನಲ್ಲಿ 'ಆಫ್ರಿಕದವರು' ಎನ್ನುತ್ತಿದ್ದೇನೆ. ಇದು ಸರಿಯೇ? ಇದಕ್ಕಿಂತ ಒಳ್ಳೆಯ ದಾರಿ ಇದೆಯೇ? ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕ ಮೂಲದ ಸಿದ್ದಿ ಜನ ಯಾರಾದರೂ ಇದನ್ನು ಓದಿದರೆ, ಇವುಗಳಲ್ಲಿ ಯಾವ ಪದ ಕೇಳಿದರೆ ನೋವಾಗುತ್ತದೆ, ಯಾವುದು ಆಗಬಹುದು ಎಂದು ದಯವಿಟ್ಟು ತಿಳಿಸಿ. ನಿಮ್ಮ ಮಾತು ಬಂದಮೇಲೆಯೇ ಕರಡನ್ನು ಮುಗಿಸುತ್ತೇನೆ.