ಅಳಿಯನಿಗೆ 45 ದಿನಗಳ ನೋಟಿಸ್ ಬಂದಿದೆ. ಬೆಂಕಿ ಆರಿಸುವವರನ್ನು ತೆಗೆದರೆ ನಗರಕ್ಕೆ ನಿಜವಾಗಿ ಹಣ ಉಳಿಯುತ್ತದೆಯೇ?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯಿತು. ಅಳಿಯ ಇಲ್ಲಿಯವನೇ. ಒಂದು ಚಿಕ್ಕ ನಗರದ ಅಗ್ನಿಶಾಮಕ ದಳದಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದಾನೆ. ಕಳೆದ ಮಂಗಳವಾರ ನಗರಾಡಳಿತದಿಂದ ನೋಟಿಸ್ ಬಂದಿತು: ಬಜೆಟ್ ಕೊರತೆಯಿಂದಾಗಿ 45 ದಿನಗಳ ನಂತರ ಕೆಲಸವಿಲ್ಲ. ಅವನ ಠಾಣೆಯ ಇನ್ನೂ ಕೆಲವರಿಗೆ, ಹಲವು ಪೊಲೀಸರಿಗೆ ಇದೇ ಕಾಗದ ಬಂದಿದೆ. ಅವನು ಅದನ್ನು ಮಡಚಿ ಮಗುವಿನ ಬಟ್ಟೆಗಳ ಕಪಾಟಿನ ಮೇಲಿಟ್ಟು, ಮರುದಿನ ಎಂದಿನಂತೆ 24 ಗಂಟೆಗಳ ಪಾಳಿಗೆ ಹೋದ.

ಖಜಾನೆಯ ಹೆಚ್ಚಿನ ಪಾಲು ಪೊಲೀಸರಿಗೆ ಮತ್ತು ಅಗ್ನಿಶಾಮಕ ದಳಕ್ಕೇ ಹೋಗುತ್ತದೆ ಎಂದು ಮೇಯರ್ ಹೇಳುತ್ತಾರೆ. ಇರಬಹುದು. ಆದರೆ ಎರಡು ಪಟ್ಟು ಸಂಬಳದ ಹಿರಿಯರು ಉಳಿದು, ಏಣಿ ಹತ್ತುವ ಹುಡುಗರೇ ಹೋಗುವುದೇಕೆ? ಇದರಿಂದ ಎಷ್ಟು ಉಳಿಯುತ್ತದೆ? ತಿಳಿದವರು ಹೇಳಿದರೆ ಮಗಳಿಗೆ ಓದಿ ಹೇಳುತ್ತೇನೆ.

ಹಳೆಯ ಲೆಕ್ಕಿಗ:
ತಾಯಿ, ಇದೇ ರಾಜ್ಯದ ಒಂದು ನಗರಾಡಳಿತದ ಲೆಕ್ಕಪತ್ರ ವಿಭಾಗದಲ್ಲಿ ನಾನು 19 ವರ್ಷ ಕೆಲಸ ಮಾಡಿದ್ದೇನೆ. 2010ರ ಚಳಿಗಾಲದಲ್ಲಿ ಇಂಥದ್ದೇ ಪಟ್ಟಿಯನ್ನು ನನ್ನ ಕೈಯಾರೆ ತಯಾರಿಸಿದೆ. ಹೆಸರುಗಳನ್ನು ನೇಮಕದ ದಿನಾಂಕದಂತೆ ಜೋಡಿಸಿ, ಕೆಳಗಿನಿಂದ ಎಣಿಸಿ, ಒಂದು ಗೆರೆ ಎಳೆಯುವುದು. ಅಷ್ಟೇ ಕೆಲಸ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಮೇಯರ್ ಹೇಳುವುದು ಸುಳ್ಳಲ್ಲ. 2008ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ ಕ್ಯಾಲಿಫೋರ್ನಿಯಾದ ವಲೇಹೊ ನಗರದಲ್ಲಿ ಸಾಮಾನ್ಯ ನಿಧಿಯ, ಅಂದರೆ ದಿನನಿತ್ಯದ ಸೇವೆಗಳಿಗೆ ಖರ್ಚುಮಾಡುವ ಹಣದ, ಸುಮಾರು ಮುಕ್ಕಾಲು ಭಾಗ ಈ ಎರಡು ಇಲಾಖೆಗಳಿಗೇ ಹೋಗುತ್ತಿತ್ತು. ಸಾಲದ ಕಂತು, ನಿವೃತ್ತರ ಪಿಂಚಣಿ, ವಿಮೆ, ಇವುಗಳನ್ನು ಈ ವರ್ಷ ಕಟ್ಟುವುದಿಲ್ಲ ಎನ್ನಲು ಬರುವುದಿಲ್ಲ. ಕೈಗೆ ಸಿಗುವುದು ಸಂಬಳವೊಂದೇ. ನೂರಾರು ಜನರ ಸಂಬಳವಿರುವುದು ಈ ಎರಡು ಕಡೆಗಳಲ್ಲಿ.

ಹುಡುಗರೇ ಏಕೆ ಎಂದು ಕೇಳಿದ್ದೀರಿ. ಇಲ್ಲಿನ ನಿಯಮ ಸೇವಾ ಹಿರಿತನದ್ದು. ಕ್ಯಾಪ್ಟನ್ ಹುದ್ದೆಯೊಂದನ್ನು ರದ್ದುಮಾಡಿದರೆ ಕ್ಯಾಪ್ಟನ್ ಮನೆಗೆ ಹೋಗುವುದಿಲ್ಲ. ಅವನು ಒಂದು ಮೆಟ್ಟಿಲು ಕೆಳಗಿಳಿಯುತ್ತಾನೆ, ಅಲ್ಲಿದ್ದವನು ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ, ಕೊನೆಯ ಮೆಟ್ಟಿಲಲ್ಲಿ ನಿಂತಿದ್ದ ನಿಮ್ಮ ಅಳಿಯನಂಥವನು ಬೀದಿಗೆ ಬೀಳುತ್ತಾನೆ. ಹಿರಿತನದ ನಿಯಮವೇ ತಪ್ಪು ಎಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಅಧಿಕಾರದಲ್ಲಿರುವವರು ತಮಗಾಗದವರನ್ನು ಮೊದಲು ತೆಗೆಯುತ್ತಾರೆ. ಆದರೆ ಅದರ ಲೆಕ್ಕ ಕ್ರೂರವಾದದ್ದು. ಅತಿ ಕಡಿಮೆ ಸಂಬಳದವರೇ ಹೋಗುವುದರಿಂದ ತಲೆಗೆ ಉಳಿಯುವ ಹಣವೂ ಕಡಿಮೆ. ಅದೇ ಕೊರತೆಯನ್ನು ತುಂಬಲು ಹೆಚ್ಚು ತಲೆಗಳು ಬೇಕಾಗುತ್ತವೆ.

ಉಳಿಯಿತು ಎಂದು ಬರೆದಿಟ್ಟ ಹಣವೂ ಪೂರ್ತಿ ಉಳಿಯುವುದಿಲ್ಲ. ಬಾಕಿ ರಜೆಯ ಹಣ ಕೊಡಬೇಕು. ನಿರುದ್ಯೋಗ ಭತ್ಯೆಯ ಹೊರೆ ಎಷ್ಟೋ ನಗರಗಳಲ್ಲಿ ನಗರದ ಮೇಲೆಯೇ ಬೀಳುತ್ತದೆ. ಠಾಣೆಯಲ್ಲಿ ಇಂತಿಷ್ಟು ಜನ ಇರಲೇಬೇಕು ಎಂಬ ಒಪ್ಪಂದವಿದ್ದರೆ, ಉಳಿದವರಿಗೆ ಓವರ್‌ಟೈಮ್ ಕೊಟ್ಟು ಜಾಗ ತುಂಬಬೇಕು. ನಾನು ಪಟ್ಟಿ ಮಾಡಿದ ವರ್ಷ, ಆರನೆಯ ತಿಂಗಳಿಗೇ ಓವರ್‌ಟೈಮ್ ಬಾಬ್ತು ಇಡೀ ವರ್ಷದ ಅಂದಾಜನ್ನು ದಾಟಿತ್ತು. ಅದನ್ನು ಮೇಲಿನವರಿಗೆ ಬರೆದು ಕಳುಹಿಸಿದೆ. ಉತ್ತರ ಬರಲಿಲ್ಲ.

ಜನಬಲದ ಮಾತನ್ನೂ ಹೇಳಬೇಕು. ಉರಿಯುವ ಮನೆಯೊಳಕ್ಕೆ ಇಬ್ಬರು ಹೋದರೆ, ಅವರನ್ನು ಕಾಪಾಡಲು ಹೊರಗೆ ಇಬ್ಬರು ಸಿದ್ಧವಾಗಿರಬೇಕು ಎಂಬ ಸುರಕ್ಷತಾ ನಿಯಮವಿದೆ. ಒಳಗೆ ಜೀವ ಸಿಕ್ಕಿಕೊಂಡಿದೆ ಎಂದು ಗೊತ್ತಿದ್ದರೆ ವಿನಾಯಿತಿ ಉಂಟು. ವಾಹನದಲ್ಲಿ ಮೂವರೇ ಬಂದರೆ? ಎರಡನೆಯ ವಾಹನಕ್ಕೆ ಕಾಯಬೇಕು, ಇಲ್ಲವೇ ನಿಯಮ ಮುರಿದು ಒಳನುಗ್ಗಬೇಕು. ಹತ್ತಿರದ ಠಾಣೆಗೆ ಬೀಗ ಬಿದ್ದಿದ್ದರೆ ಆ ಎರಡನೆಯ ವಾಹನ ಇನ್ನೂ ದೂರದಿಂದ ಬರಬೇಕು. ಬಜೆಟ್ ಪುಸ್ತಕದಲ್ಲಿ ಈ ಕಾಯುವಿಕೆಗೆ ಕಾಲಂ ಇಲ್ಲ.

ಒಂದು ಕೆಲಸ ಇವತ್ತೇ ಮಾಡಿ. ನೋಟಿಸಿನಲ್ಲಿ ಅಳಿಯನ ಕಾಯಂ ನೇಮಕದ ದಿನಾಂಕ ಏನೆಂದು ಬರೆದಿದ್ದಾರೆ, ನೋಡಿ. ಒಂದೇ ದಿನದ ವ್ಯತ್ಯಾಸದಿಂದ ಹೆಸರು ಗೆರೆಯ ಮೇಲೆ ಹೋದದ್ದನ್ನು ಕಂಡಿದ್ದೇನೆ. ತಪ್ಪಿದ್ದರೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಕಾಲಮಿತಿ ಇದೆ. ಕೆಲಸ ಹೋದರೂ ಮರುನೇಮಕದ ಪಟ್ಟಿಯಲ್ಲಿ ಹೆಸರಿರುತ್ತದೆ. ಹುದ್ದೆ ಮತ್ತೆ ತೆರೆದಾಗ ಆ ಪಟ್ಟಿಯಿಂದಲೇ ಕರೆಯಬೇಕು.

ರಾತ್ರಿಪಾಳಿ:
ನಾನು ದಕ್ಷಿಣ ಜೆರ್ಸಿಯಲ್ಲಿ ನರ್ಸ್. ಕ್ಯಾಮ್ಡೆನ್ ನಗರದ 2011ರ ಜನವರಿಯನ್ನು ನಾನು ಮರೆಯಲಾರೆ. 26.5 ಮಿಲಿಯನ್ ಡಾಲರ್ ಕೊರತೆ ಎಂದು 168 ಪೊಲೀಸರನ್ನು, ಅಂದರೆ ದಳದ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು, ಜೊತೆಗೆ 67 ಅಗ್ನಿಶಾಮಕರನ್ನು ಒಂದೇ ದಿನ ಕಳುಹಿಸಿದರು. ಅಗ್ನಿಶಾಮಕರು ಮೆರವಣಿಗೆಯಲ್ಲಿ ಬಂದು, ಕೇಂದ್ರ ಠಾಣೆಯ ಮುಂದೆ ತಮ್ಮ ಹೆಲ್ಮೆಟ್‌ಗಳನ್ನು ಸಾಲಾಗಿ ನೆಲದ ಮೇಲಿಟ್ಟರು. ಮತ್ತೆ ಎತ್ತಿಕೊಂಡು ಒಳಗೆ ಹೋಗಿ ಒಪ್ಪಿಸಿದರು. ಟಿ.ವಿ.ಯಲ್ಲಿ ಅದನ್ನು ನೋಡಿ ಅತ್ತಿದ್ದೆ.

ಕೆಲವು ತಿಂಗಳಲ್ಲಿ ಬೇರೆ ಮೂಲಗಳಿಂದ ಹಣ ಹೊಂದಿಸಿ ಒಂದಷ್ಟು ಜನರನ್ನು ಮರಳಿ ಕರೆದರು. ಆದರೂ 2012ರಲ್ಲಿ ಅಲ್ಲಿ 67 ಕೊಲೆಗಳಾದವು, ಸುಮಾರು 77 ಸಾವಿರ ಜನರ ನಗರದಲ್ಲಿ. ಅದಕ್ಕೆಲ್ಲ ಪೊಲೀಸರ ಕೊರತೆಯೊಂದೇ ಕಾರಣ ಎನ್ನುವುದಿಲ್ಲ. ಆದರೆ ಆ ಎರಡು ವರ್ಷ ನಮ್ಮ ವಿಭಾಗಕ್ಕೆ ಬಂದ ಹುಡುಗರ ವಯಸ್ಸು ನನಗೆ ಇಂದಿಗೂ ನೆನಪಿದೆ.

ಮನೆಯಜಮಾನ:
ಲೆಕ್ಕಿಗರ ಮಾತಿನಲ್ಲಿ ಒಂದು ಪಕ್ಷ ಮಾತ್ರ ಇದೆ. ಆಸ್ತಿ ತೆರಿಗೆ ಕಟ್ಟುವವರಲ್ಲಿ ನಿವೃತ್ತರೂ ಇದ್ದಾರೆ. ನನ್ನ ಪಕ್ಕದ ಮನೆಯ ಅಜ್ಜಿ ತೆರಿಗೆ ಕಟ್ಟಲಾಗದೆ ಮನೆ ಮಾರಿದರು. ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಡಿ ಎಂದರೆ ನೌಕರರ ಒಕ್ಕೂಟಗಳು ಒಪ್ಪುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕಳೆದುಕೊಂಡಿದ್ದರೆ ಈ ಹುಡುಗ ಉಳಿಯುತ್ತಿರಲಿಲ್ಲವೇ?

ಹಳೆಯ ಲೆಕ್ಕಿಗ:
ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಿರಿಯರು ಒಂದಿಷ್ಟು ಬಿಟ್ಟುಕೊಟ್ಟು ಕಿರಿಯರನ್ನು ಉಳಿಸಿಕೊಳ್ಳಬೇಕು. ಆದರೆ ಅದು ಮೇಜಿನ ಎರಡೂ ಬದಿ ಕುಳಿತು ಆಗಬೇಕಾದದ್ದು. 2012ರ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಮೇಯರ್ ಪೊಲೀಸರು, ಅಗ್ನಿಶಾಮಕರು ಸೇರಿ ನಗರದ ನೌಕರರ ಸಂಬಳವನ್ನು ಒಮ್ಮೆಗೇ ಗಂಟೆಗೆ 7.25 ಡಾಲರ್‌ಗೆ, ಕನಿಷ್ಠ ಕೂಲಿಗೆ ಇಳಿಸಿದರು. ಅದು ತ್ಯಾಗ ಹಂಚುವ ರೀತಿಯಲ್ಲ, ನ್ಯಾಯಾಲಯಕ್ಕೆ ಹೋಗುವ ದಾರಿ.

ಆ ಅಜ್ಜಿಯ ತೆರಿಗೆ ಏಕೆ ಏರಿತು ಎಂಬುದನ್ನೂ ಕೇಳಿ. ಕ್ಯಾಮ್ಡೆನ್‌ನ ದೊಡ್ಡ ಹಡಗುಕಟ್ಟೆ 1967ರಲ್ಲಿ ಮುಚ್ಚಿತು, ಕ್ಯಾಂಪ್‌ಬೆಲ್ ಸೂಪ್ ಕಾರ್ಖಾನೆ 1990ರಲ್ಲಿ. ಲಾಭಕ್ಕಾಗಿ ನಡೆಸದ ಆಸ್ಪತ್ರೆ, ಕಾಲೇಜುಗಳಿಗೆ, ಸರ್ಕಾರಿ ಕಟ್ಟಡಗಳಿಗೆ ಸಾಮಾನ್ಯವಾಗಿ ಆಸ್ತಿ ತೆರಿಗೆ ಇಲ್ಲ. ಅವುಗಳಿಗೂ ಬೆಂಕಿ ಬಿದ್ದರೆ ನಗರದ ವಾಹನವೇ ಓಡಬೇಕು. ಕಾರ್ಖಾನೆ ಕಟ್ಟುತ್ತಿದ್ದ ಪಾಲು ಉಳಿದ ಮನೆಗಳ ಮೇಲೆ ಬಿದ್ದಿದೆ. ಅಜ್ಜಿಯನ್ನೂ ಹುಡುಗನನ್ನೂ ಎದುರುಬದುರು ನಿಲ್ಲಿಸುವುದು ನನಗೆ ಸಹಿಸಲಾಗದ ಮಾತು. ಇಬ್ಬರೂ ಒಂದೇ ಖಾಲಿ ಖಜಾನೆಯಿಂದ ನೊಂದವರು.

ಹೊಂಗೆನೆರಳು:
ಎಲ್ಲರಿಗೂ ಕೃತಜ್ಞತೆಗಳು. ಲೆಕ್ಕಿಗರೇ, ನೀವು ಹೇಳಿದ್ದು ಸರಿಯಾಯಿತು. ಮಗಳು ನೇಮಕಾತಿ ಪತ್ರವನ್ನು ಹುಡುಕಿ ತೆಗೆದಳು. ನೋಟಿಸಿನಲ್ಲಿರುವ ದಿನಾಂಕ ಹನ್ನೊಂದು ದಿನ ತಡವಾದದ್ದು. ನಡುವೆ ಇನ್ನೊಬ್ಬ ಹುಡುಗ ಸೇರಿದ್ದಾನೆ. ಒಕ್ಕೂಟದವರು ನಾಳೆಯೇ ಮೇಲ್ಮನವಿ ಬರೆದುಕೊಡುತ್ತಾರಂತೆ.

ಅಳಿಯ ಪಾಳಿ ಮುಗಿಸಿ ಬಂದ ಮೇಲೆ ಹೇಳಿದೆವು. ಅವನ ಮುಖ ಅರಳಲಿಲ್ಲ. ತನ್ನ ಹೆಸರು ಮೇಲೆ ಹೋದರೆ ಕೆಳಗೆ ಇಳಿಯುವುದು ಯಾರ ಹೆಸರು ಎಂದು ಅವನಿಗೆ ಗೊತ್ತು. ಮೊಮ್ಮಗು ಹುಟ್ಟಿದ ದಿನ ಇವನ ಪಾಳಿಯನ್ನು ತಾನು ಮಾಡುತ್ತೇನೆಂದು ಕಳುಹಿಸಿಕೊಟ್ಟವನು ಆ ಹುಡುಗನೇ. ಅವನಿಗೆ ಮೊದಲು ತಾನೇ ತಿಳಿಸಬೇಕೆಂದು ಅಳಿಯ ಈಗ ಮತ್ತೆ ಠಾಣೆಗೆ ಹೊರಟಿದ್ದಾನೆ.