ಮೊಸ್ಕಿಟೊ ಬಾಂಬರ್‌ಗೆ ಅಷ್ಟು ವೇಗ ಬಂದದ್ದು ಮರದಿಂದಲೇ?

ಪ್ರಶ್ನೆ

ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್‌ಗಳಲ್ಲಿ ಲ್ಯಾಂಕಾಸ್ಟರ್‌ಗೆ ನಾಲ್ಕು ಮರ್ಲಿನ್ ಎಂಜಿನ್, ಡಿ ಹ್ಯಾವಿಲ್ಯಾಂಡ್ ಕಂಪನಿಯ ಮೊಸ್ಕಿಟೊಗೆ ಎರಡೇ. ಆದರೂ ಮೊಸ್ಕಿಟೊ ಗಂಟೆಗೆ ಸುಮಾರು 150 ಕಿ.ಮೀ. ಮುಂದು. ಮರದ ವಿಮಾನ, ಹಗುರ, ಅದಕ್ಕೇ ವೇಗ ಅನ್ನುತ್ತಾರೆ. ಅಷ್ಟೇನಾ? ಒಂದು ಗನ್ನೂ ಇಲ್ಲದೆ ಬದುಕಿ ಬರುತ್ತಿದ್ದದ್ದು ಹೇಗೆ?

ಉತ್ತರ 1

ಮರಕ್ಕಿಂತ ದೊಡ್ಡ ಕಾರಣ ಟರೆಟ್ (ಗನ್ ಕೂರಿಸಿದ ತಿರುಗುವ ಗೂಡು) ಇಲ್ಲದಿರುವುದು. ಟರೆಟ್ ಹೋದರೆ ಗನ್ನರ್‌ಗಳು, ಗುಂಡುಗಳು, ಅವರ ಆಕ್ಸಿಜನ್ ಎಲ್ಲವೂ ಹೋಗುತ್ತವೆ. ಒಡಲು ಸಣ್ಣದಾಗುತ್ತದೆ, ಇಬ್ಬರೇ ಸಾಕು. ಮರದ ನಿಜವಾದ ಲಾಭ ನುಣುಪು. ಎರಡು ಬರ್ಚ್ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಎಂಬ ತುಂಬ ಹಗುರ ಮರ ಇಟ್ಟು, ಅಚ್ಚಿನ ಮೇಲೆ ಒಡಲನ್ನು ಎರಡು ಹೋಳಾಗಿ ಮಾಡಿ ಅಂಟಿಸುತ್ತಿದ್ದರು. ಮೈಮೇಲೆ ಒಂದು ರಿವೆಟ್ ತಲೆಯೂ ಇಲ್ಲ. ಎಂಜಿನ್ ತಣಿಸುವ ರೇಡಿಯೇಟರ್‌ಗಳು ಎಂಜಿನ್‌ಗೂ ಒಡಲಿಗೂ ನಡುವೆ, ರೆಕ್ಕೆಯ ಮುಂಅಂಚಿನೊಳಗೆ. ಅಲ್ಲಿ ಬಿಸಿಯಾದ ಗಾಳಿ ಹಿಂದಕ್ಕೆ ನುಗ್ಗುವಾಗ ರೇಡಿಯೇಟರ್‌ನಿಂದಾಗುವ ಗಾಳಿಯ ತಡೆಯನ್ನು ಸ್ವಲ್ಪ ತುಂಬಿಕೊಡುತ್ತಿತ್ತು.

ಉತ್ತರ 2

ಎತ್ತರ ಹೇಳದೆ ವೇಗ ಹೇಳಿದರೆ ಲೆಕ್ಕ ತಪ್ಪುತ್ತದೆ. ಮೊಸ್ಕಿಟೊದ ಮೊದಲ ಬಾಂಬರ್ ಮಾದರಿ ಮಾರ್ಕ್ 4ರ ಗಂಟೆಗೆ 612 ಕಿ.ಮೀ. ಸಿಗುತ್ತಿದ್ದದ್ದು ಸುಮಾರು 6,400 ಮೀಟರ್‌ನಲ್ಲಿ. ಅದರ ಮೇಲೆ ಎಂಜಿನ್‌ಗೆ ಗಾಳಿ ಒತ್ತಿ ಕೊಡುವ ಒಂದೇ ಹಂತದ ಸೂಪರ್‌ಚಾರ್ಜರ್‌ಗೆ ಉಸಿರು ಸಾಲದು. ಕೆಳಗೆ ಹಾರಿದರೆ ಜರ್ಮನ್ ಫೈಟರ್ ಎಫ್‌ಡಬ್ಲ್ಯು 190 ಹಿಡಿಯಬಲ್ಲದು: 1942ರ ಸೆಪ್ಟೆಂಬರ್ 25ರ ಓಸ್ಲೋ ದಾಳಿಯಲ್ಲಿ ಹೀಗೇ ಒಂದು ಮೊಸ್ಕಿಟೊ ಬಿತ್ತು.

ನಂತರದ ಮಾರ್ಕ್ 16ರಲ್ಲಿ ಗಾಳಿಯನ್ನು ಎರಡು ಸಲ ಒತ್ತಿ, ನಡುವೆ ತಣಿಸಿ ಎಂಜಿನ್‌ಗೆ ಕೊಡುವ ಮರ್ಲಿನ್ 72/73. ಸುಮಾರು 8,500 ಮೀಟರ್‌ನಲ್ಲಿ 668 ಕಿ.ಮೀ. ಬಾಂಬ್ ಇಡುವ ಹೊಟ್ಟೆಯನ್ನು ಉಬ್ಬಿಸಿದ ಮೇಲೆ 1,800 ಕೆಜಿಯ ಒಂದೇ ಬಾಂಬೂ ಹಿಡಿಯಿತು. ಫೈಟರ್ ಅಷ್ಟೆತ್ತರ ಏರುವಷ್ಟರಲ್ಲಿ ಇದು ದಾಟಿ ಹೋಗಿರುತ್ತಿತ್ತು. ಬದುಕಿಸಿದ್ದು ಆ ಸಮಯ.

ಇನ್ನೊಂದು: ರಾತ್ರಿ ಬೆಂಕಿ ಕಾಣದಂತೆ ಎಕ್ಸಾಸ್ಟ್‌ಗೆ (ಎಂಜಿನ್ ಹೊಗೆ ಕೊಳವೆಗೆ) ಮುಸುಕು ಹಾಕಿದರೆ 15–20 ಕಿ.ಮೀ. ವೇಗ ಹೋಗುತ್ತಿತ್ತು. ಫೈಟರ್‌ಗಳಿಗಿಂತ ಇಷ್ಟು ಸಣ್ಣ ಅಂತರದ ಮೇಲೆ ನಿಂತ ವಿಮಾನಕ್ಕೆ ಅದು ಭಾರೀ ಬೆಲೆ.

ಉತ್ತರ 3

ಮರದ ಇನ್ನೊಂದು ಮುಖ ಕಂಡದ್ದು ನಮ್ಮಲ್ಲೇ. 1944ರಲ್ಲಿ ಬ್ರಿಟಿಷ್ ವಾಯುಪಡೆ ಆರ್‌ಎಎಫ್‌ನ 45ನೇ ಸ್ಕ್ವಾಡ್ರನ್ ಯಲಹಂಕದಲ್ಲಿ ವೆಂಜೆನ್ಸ್ ಬಾಂಬರ್ ಬಿಟ್ಟು ಮೊಸ್ಕಿಟೊಗೆ ಬದಲಾಯಿತು. ಆ ವರ್ಷದ ಕೊನೆಗೆ ಭಾರತದಲ್ಲಿದ್ದ ಮೊಸ್ಕಿಟೊಗಳಲ್ಲಿ ರೆಕ್ಕೆಯ ಹೊದಿಕೆ ಒಳತೊಲೆಯಿಂದ ಬಿಟ್ಟುಕೊಂಡು ಅಪಘಾತಗಳಾದವು, ಹಾರಾಟ ನಿಲ್ಲಿಸಬೇಕಾಯಿತು. ಹಾಲಿನಿಂದ ಮಾಡುವ ಕೇಸೀನ್ ಅಂಟು ತೇವಕ್ಕೆ ಬೂಸ್ಟು ಹಿಡಿದು ಸತ್ವ ಕಳೆದುಕೊಳ್ಳುತ್ತದೆ ನಿಜ, ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಅಂಟು ವಾಸಿ. ಆದರೆ ಎಲ್ಲವನ್ನೂ ಹವೆಯ ತಲೆಗೆ ಕಟ್ಟುವುದು ಸರಿಯಲ್ಲ. ತನಿಖೆಯಲ್ಲಿ ಕಾರ್ಖಾನೆಯ ಜೋಡಣೆಯ ದೋಷವೂ ಸಿಕ್ಕಿತು: ಕೂಡುಗಳಲ್ಲಿ ಸಂದು ಉಳಿದಿತ್ತು. ಸಂದಿದ್ದಲ್ಲಿ ಯಾವ ಅಂಟೂ ನಿಲ್ಲದು, ತೇವವೂ ಅಲ್ಲಿಂದಲೇ ಒಳಹೋಗುತ್ತದೆ. ಆಮೇಲೆ ಆ ಕೂಡಿನುದ್ದಕ್ಕೂ ಪ್ಲೈವುಡ್ ಪಟ್ಟಿ ಅಂಟಿಸಿ ಮುಚ್ಚಿದರು.